ಸಂಗಾತಿಯ ಯೋಗ್ಯತೆಯೂ ಸಂತಾನದ ವೆಚ್ಚವೂ

ಮುಂಗಾರಿನ ಮೊದಲ ಮಳೆಗಳು ಬಿದ್ದು ಹುನಗುಂದ ಸೀಮೆಯ ಎರೆಹೊಲಗಳು ತಣಿದ ಮೇಲೆ, ಬಾವಿಯ ನೀರಿನತ್ತ ಬಾಗಿದ ಜಾಲಿಯ ಕೊಂಬೆಗಳಲ್ಲಿಯೂ ಹಳ್ಳದ ದಂಡೆಯ ಈಚಲ ಗರಿಗಳಲ್ಲಿಯೂ ಗೀಜಗನ ಗೂಡುಗಳು ತೂಗತೊಡಗುವುದು ಈ ಭಾಗದ ಜನರೆಲ್ಲರೂ ಕಂಡ ನೋಟ. ಗಾಳಿಗೆ ಕಳಚಿಬಿದ್ದ ಗೂಡೊಂದನ್ನು ಹುಡುಗರು ಎತ್ತಿ ತಂದು ತರಗತಿಯ ಗೋಡೆಗೆ ತೂಗುಹಾಕುವುದೂ ಹೊಸದಲ್ಲ. ಅದರ ನೇಯ್ಗೆಯನ್ನು ಇಳಕಲ್ಲಿನ ಮಗ್ಗದ ಕೆಲಸಕ್ಕೆ ಹೋಲಿಸಿ ಮೆಚ್ಚುವವರು ಬಹಳ. ಆದರೆ ಒಂದೇ ಮರದಲ್ಲಿ ತೂಗುವ ಗೂಡುಗಳ ಪೈಕಿ ಎಷ್ಟೋ ಗೂಡುಗಳು ಅರ್ಧಕ್ಕೇ ನಿಂತಿರುತ್ತವೆ ಎಂಬುದನ್ನು ಗಮನಿಸುವವರು ಕಡಿಮೆ. ಕೆಳಗೆ ಇಳಿಯಬೇಕಾದ ಉದ್ದನೆಯ ಕೊಳವೆ ಇಲ್ಲದೆ, ತಲೆಗೆ ಇಡುವ ಟೊಪ್ಪಿಗೆಯಂತೆ ತೋರುವ ಈ ಅರೆಗೂಡುಗಳು ಹಕ್ಕಿಯ ಸೋಮಾರಿತನದ ಗುರುತಲ್ಲ, ತಿರಸ್ಕಾರದ ಗುರುತು.

ಗೀಜಗಗಳಲ್ಲಿ ಗೂಡು ಕಟ್ಟುವುದು ಗಂಡಿನ ಕೆಲಸ. ಹುಲ್ಲಿನ ಎಸಳುಗಳನ್ನೂ ಗರಿಗಳ ಅಂಚನ್ನೂ ಉದ್ದುದ್ದ ಸೀಳಿ ತಂದು ಅದು ನೂರಾರು ಸಲ ಓಡಾಡುತ್ತದೆ. ಗೂಡು ಟೊಪ್ಪಿಗೆಯ ಆಕಾರಕ್ಕೆ ಬಂದಾಗ ಕೆಲಸವನ್ನು ನಿಲ್ಲಿಸಿ, ರೆಕ್ಕೆ ಬಡಿಯುತ್ತ ಕೂಗುತ್ತ ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣುಗಳು ಗುಂಪಾಗಿ ಬಂದು ಒಂದೊಂದು ಗೂಡನ್ನೂ ಒಳಹೊಕ್ಕು, ಎಳೆದು, ಕುಕ್ಕಿ ನೋಡುತ್ತವೆ. ಒಪ್ಪಿಗೆಯಾದ ಗೂಡಿಗೆ ಮಾತ್ರ ಮೊಟ್ಟೆಯ ಕೋಣೆಯೂ ಪ್ರವೇಶದ ಕೊಳವೆಯೂ ಕೂಡಿಬರುತ್ತವೆ. ಒಪ್ಪಿಗೆಯಾಗದ ಗೂಡು ಅಲ್ಲಿಯೇ ನಿಲ್ಲುತ್ತದೆ. ಗಂಡು ಮತ್ತೊಂದನ್ನು ಆರಂಭಿಸುತ್ತದೆ. ಗಂಡು ಮೊದಲು ಕಟ್ಟುತ್ತದೆ, ಹೆಣ್ಣು ಆಮೇಲೆ ಆರಿಸುತ್ತದೆ, ಒಂದು ಹೆಣ್ಣು ನೆಲೆಗೊಂಡ ಮೇಲೆ ಗಂಡು ಇನ್ನೊಂದು ಗೂಡಿಗೆ ಕೈಹಾಕಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ ಎಂಬ ಕ್ರಮವನ್ನು ಪಕ್ಷಿತಜ್ಞ ಸಲೀಂ ಅಲಿಯವರು 1931ರಲ್ಲಿ ವಿಶದಪಡಿಸಿದರು. ಹೆಣ್ಣು ಪರೀಕ್ಷಿಸುವುದು ಏನನ್ನು ಎಂಬ ಪ್ರಶ್ನೆಯನ್ನು ಇತ್ತೀಚಿನ ದಶಕಗಳಲ್ಲಿ ಸುಹೇಲ್ ಕ್ವಾದರ್ ಅವರು ಕೈಗೆತ್ತಿಕೊಂಡರು. ನೇಯ್ಗೆಯ ಅಂದಕ್ಕಿಂತ ಗೂಡು ತೂಗುವ ಜಾಗವೇ ಹೆಣ್ಣಿನ ಆಯ್ಕೆಯಲ್ಲಿ ಮೊದಲನೆಯದೆಂಬುದು ಅವರ ಅಧ್ಯಯನದಿಂದ ತೋರಿಬಂದಿತು. ಮರಿಗಳ ಜೀವ ಉಳಿಯುವುದು ಹಾವು ಕಾಗೆಗಳು ತಲಪದ ಎತ್ತರದಲ್ಲಿ, ಮುಳ್ಳಿನ ಮರೆಯಲ್ಲಿ. ಕಲಾವಿಮರ್ಶಕರಿಗೆ ಇದು ನಿರಾಸೆಯ ಸಂಗತಿಯಾಗಬಹುದು, ತಾಯಿಗೆ ಅಲ್ಲ.

ಆಯ್ಕೆ ಇಲ್ಲಿಗೆ ಮುಗಿಯಿತೆಂದು ಬಹುಕಾಲ ತಿಳಿಯಲಾಗಿತ್ತು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳಿಕೊಡುವುದೂ ಇಷ್ಟನ್ನೇ: ಗಂಡುಗಳು ಪೈಪೋಟಿ ನಡೆಸುತ್ತವೆ, ಹೆಣ್ಣು ಒಂದನ್ನು ಮೆಚ್ಚುತ್ತದೆ, ಸಂತಾನವಾಗುತ್ತದೆ. ಮೆಚ್ಚಿದ ಮೇಲೆ ಹೆಣ್ಣು ತನ್ನ ಮೈಯಿಂದ ಎಷ್ಟನ್ನು ಕೊಡುತ್ತದೆ, ಆ ಪ್ರಮಾಣ ಸಂಗಾತಿಯ ಯೋಗ್ಯತೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುವುದೇ ಎಂಬ ಪ್ರಶ್ನೆ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಎದ್ದದ್ದು. ಆ ಪ್ರಶ್ನೆಗೆ ದೊರೆತ ಉತ್ತರಗಳೂ, ಆ ಉತ್ತರಗಳಲ್ಲಿ ಕೆಲವು ಆಮೇಲೆ ಕುಸಿದುಬಿದ್ದ ಬಗೆಯೂ ವಿಜ್ಞಾನ ಕಲಿಸುವವರಿಗೆ ಸಮಾನವಾಗಿ ಉಪಯುಕ್ತವಾದುವು.

ಪ್ರಶ್ನೆಯ ಸ್ವರೂಪ ತಿಳಿಯಬೇಕಾದರೆ ಮೊದಲು ಖರ್ಚಿನ ಅರಿವು ಇರಬೇಕು. ಒಂದು ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಂದಂದಿನ ಮೇವಿನಲ್ಲಿ ಅಷ್ಟು ದೊರೆಯದಿದ್ದರೆ ಹೇಂಟೆ ಅದರ ಒಂದು ಪಾಲನ್ನು ತನ್ನ ಎಲುಬಿನಿಂದಲೇ ತೆಗೆದುಕೊಡುತ್ತದೆ. ಮೊಟ್ಟೆಯಿಡುವ ಕಾಲಕ್ಕೆಂದೇ ಅದರ ಎಲುಬಿನ ಒಳಗೆ ವಿಶೇಷವಾದೊಂದು ಸುಣ್ಣದ ಸಂಗ್ರಹ ಬೆಳೆಯುವುದುಂಟು. ಹಳದಿಯ ಕೊಬ್ಬು, ಬಿಳಿಯ ಸಸಾರಜನಕ, ಕಾವು ಕೂಡುವಾಗ ಕರಗುವ ಮೈ, ಮರಿಗಳ ಬಾಯಿಗೆ ಹುಳು ತರಲು ಹಾರಿದ ದಾರಿ, ಹಾಗೆ ಹಾರುವಾಗ ಗಿಡುಗನ ಕಣ್ಣಿಗೆ ಬೀಳುವ ಅಪಾಯ, ಇವೆಲ್ಲವೂ ಖರ್ಚಿನ ಬಾಬುಗಳೇ. ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ 1972ರಲ್ಲಿ ಇವನ್ನೆಲ್ಲ ಒಟ್ಟುಗೂಡಿಸಿ ಪಾಲಕರ ಹೂಡಿಕೆ ಎಂದು ಕರೆದರು. ಒಂದು ಮರಿಯ ಉಳಿವಿಗಾಗಿ ತಾಯಿತಂದೆಗಳು ಮಾಡುವ ವೆಚ್ಚವು ಅವು ಮುಂದೆ ಪಡೆಯಬಹುದಾದ ಇತರ ಮರಿಗಳ ಪಾಲಿನಿಂದ ಬಂದದ್ದೆಂಬುದು ಅವರ ವಿವರಣೆಯ ತಿರುಳು. ಇಂದು ಹೆಚ್ಚು ಕೊಟ್ಟರೆ ನಾಳೆಗೆ ಕಡಿಮೆ.

ಈ ಸೀಮೆಯ ರೈತನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರಿ ಬಿಳಿಜೋಳ ಬಿತ್ತುವ ಮುನ್ನ ಆತ ಒಡ್ಡಿನೊಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಸಿಯನ್ನು ನೋಡುತ್ತಾನೆ. ಹಸಿ ಆಳಕ್ಕೆ ಇಳಿದಿದ್ದರೆ ಬೀಜಗೊಬ್ಬರಗಳಿಗೆ ಕೈ ಬಿಚ್ಚುತ್ತಾನೆ; ಇಲ್ಲವಾದರೆ ಬರುವ ವರ್ಷಕ್ಕೆಂದು ಗಂಟನ್ನು ಕಟ್ಟಿಡುತ್ತಾನೆ. ಪ್ರಾಣಿಯ ಮಟ್ಟಿಗೆ ಸಂಗಾತಿಯು ಆ ಮಣ್ಣಿನ ಹಸಿಯಂತೆ. ಸಂಗಾತಿ ಉತ್ತಮವಾದುದಾದರೆ ಅದರಿಂದ ಆಗುವ ಮರಿಗಳ ಬಾಳು ಹಸನಾದೀತು. ಆಗ ಹೆಚ್ಚು ವೆಚ್ಚ ಮಾಡುವುದು ಲಾಭ. ಸಾಧಾರಣವಾದುದಾದರೆ ಮುಂದಿನ ಋತುವಿಗೆ ಉಳಿಸಿಕೊಳ್ಳುವುದು ಲಾಭ. ಇಂಥ ಪಕ್ಷಪಾತದ ವೆಚ್ಚಕ್ಕೆ ಒಂದು ಹೆಸರು ಕೊಟ್ಟು, ಪ್ರಯೋಗದಿಂದ ಪರೀಕ್ಷಿಸಬಹುದಾದ ಸಿದ್ಧಾಂತವನ್ನಾಗಿ ಮಂಡಿಸಿದವರು ನ್ಯಾನ್ಸಿ ಬರ್ಲಿ. ಕಾಲ 1980ರ ದಶಕ. ಲೆಕ್ಕ, ಲಾಭ, ಹೂಡಿಕೆ ಮುಂತಾದ ಮಾತುಗಳನ್ನು ಇಲ್ಲಿ ಅಲಂಕಾರವಾಗಿಯೇ ಗ್ರಹಿಸಬೇಕು. ಹಕ್ಕಿ ಕುಳಿತು ಎಣಿಸುವುದಿಲ್ಲ. ತಕ್ಕಂತೆ ವೆಚ್ಚಮಾಡುವ ಸ್ವಭಾವವಿದ್ದವುಗಳ ಸಂತತಿ ಹೆಚ್ಚಿ, ಆ ಸ್ವಭಾವ ಉಳಿದುಬಂದಿದೆ, ಅಷ್ಟೇ.

ಕರ್ನಾಟಕದಲ್ಲಿಯೇ ನಡೆದ ಒಂದು ಅಧ್ಯಯನವು ಈ ವಿಷಯಕ್ಕೆ ಬಹು ಚೆಲುವಾದ ನಿದರ್ಶನವನ್ನು ಒದಗಿಸಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಬಯಲಿನ ಪೊದೆಗಳಲ್ಲಿ ಒಂದು ಬಗೆಯ ಗಿಡಜೀರುಂಡೆ ವಾಸಿಸುತ್ತದೆ. ಶಾಸ್ತ್ರೀಯ ಹೆಸರು ಈಕ್ಯಾಂಥಸ್ ಹೆನ್ರಿ. ತೆಳುಹಸುರು ಬಣ್ಣದ, ಬೆರಳಿನ ಗೆಣ್ಣಿಗಿಂತ ಚಿಕ್ಕದಾದ ಈ ಕೀಟದ ಗಂಡು ಇರುಳು ಇಳಿದೊಡನೆ ಎಲೆಯ ಅಂಚಿಗೆ ಬಂದು ಎರಡು ರೆಕ್ಕೆಗಳನ್ನು ಎತ್ತಿ ಉಜ್ಜಿ ಹಾಡುತ್ತದೆ. ಹೆಣ್ಣು ಹಾಡುವುದಿಲ್ಲ; ದನಿಯ ಜಾಡು ಹಿಡಿದು ಬರುತ್ತದೆ. ಮೈ ದೊಡ್ಡದಾದ ಗಂಡಿನ ದನಿ ದೊಡ್ಡದು, ದೊಡ್ಡ ದನಿಯತ್ತ ಹೆಣ್ಣಿನ ಒಲವು. ಹಾಗಾದರೆ ಸಣ್ಣ ಮೈಯ ಗಂಡಿನ ಗತಿ ಏನು?

ಅದು ಒಂದು ಉಪಾಯ ಮಾಡುತ್ತದೆ. ಅಗಲವಾದ ಎಲೆಯೊಂದನ್ನು ಹುಡುಕಿ, ಅದರ ನಡುಭಾಗದಲ್ಲಿ ತನ್ನ ಮೈಗೆ ತಕ್ಕ ಅಳತೆಯ ತೂತನ್ನು ಹಲ್ಲಿನಿಂದ ಕೊರೆದು, ಅದರೊಳಗೆ ತಲೆಯನ್ನೂ ಮುಂಗಾಲುಗಳನ್ನೂ ತೂರಿಸಿ, ರೆಕ್ಕೆಗಳನ್ನು ಎಲೆಯ ಮೇಲ್ಮೈಗೆ ಒತ್ತಿಹಿಡಿದು ಹಾಡುತ್ತದೆ. ಬರಿಯ ರೆಕ್ಕೆ ಕಂಪಿಸುವಾಗ ಅದರ ಮುಂದಿನ ಗಾಳಿ ಒತ್ತಲ್ಪಟ್ಟರೆ ಹಿಂದಿನ ಗಾಳಿ ಸಡಿಲಾಗುತ್ತದೆ. ರೆಕ್ಕೆಯ ಅಂಚಿನಲ್ಲಿ ಇವೆರಡೂ ಕೂಡಿ ದನಿಯ ಒಂದು ಭಾಗ ಅಳಿಸಿಹೋಗುತ್ತದೆ. ಎಲೆಯು ಗೋಡೆಯಂತೆ ನಡುವೆ ನಿಂತರೆ ಈ ನಷ್ಟ ತಪ್ಪಿ ದನಿ ಹಿಗ್ಗುತ್ತದೆ. ಧ್ವನಿವರ್ಧಕವನ್ನು ಮರದ ಪೆಟ್ಟಿಗೆಯೊಳಗೆ ಕೂರಿಸುವುದರ ಹಿಂದಿರುವ ತತ್ತ್ವವೂ ಇದೇ. ಗಿಡಜೀರುಂಡೆಯೊಂದು ಹೀಗೆ ಧ್ವನಿಫಲಕವನ್ನು ಮಾಡಿಕೊಳ್ಳುವ ಸಂಗತಿ 1975ರಲ್ಲಿ ದಕ್ಷಿಣ ಆಫ್ರಿಕದಿಂದ ವರದಿಯಾಗಿತ್ತು. ಯಾವ ಗಂಡು ಹೀಗೆ ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್, ರಿತ್ತಿಕ್ ದೇಬ್ ಮತ್ತು ಅವರ ಸಂಗಡಿಗರು. ಅವರ ಪ್ರಬಂಧ 2020ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಲೆಗೆ ತೂತು ಕೊರೆಯುವ ಶ್ರಮಕ್ಕೆ ಇಳಿಯುವವು ಹೆಚ್ಚಾಗಿ ಸಣ್ಣ ಮೈಯ, ಕ್ಷೀಣ ದನಿಯ ಗಂಡುಗಳು. ದೊಡ್ಡ ಎಲೆ ಸಿಕ್ಕಿದಾಗ ಈ ಕೆಲಸ ಇನ್ನೂ ಹೆಚ್ಚು. ಫಲಕದ ನೆರವಿನಿಂದ ಅವು ದೊಡ್ಡ ಗಂಡುಗಳಷ್ಟೇ ಹೆಣ್ಣುಗಳನ್ನು ಸೆಳೆಯಬಲ್ಲವು.

ಇಷ್ಟೇ ಆಗಿದ್ದರೆ ಇದು ಗಂಡಿನ ಜಾಣತನದ ಕಥೆಯಾಗುತ್ತಿತ್ತು. ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಆಮೇಲಿನ ಭಾಗ. ಈ ಕೀಟಗಳಲ್ಲಿ ಗಂಡು ತನ್ನ ವೀರ್ಯಾಣುಗಳನ್ನು ಒಂದು ಪುಟ್ಟ ಚೀಲದಲ್ಲಿಟ್ಟು ಹೆಣ್ಣಿನ ಮೈಗೆ ಹೊರಗಿನಿಂದ ಅಂಟಿಸುತ್ತದೆ. ಚೀಲ ಅಂಟಿಕೊಂಡಿರುವವರೆಗೆ ವೀರ್ಯಾಣುಗಳು ಒಳಗೆ ಸಾಗುತ್ತಿರುತ್ತವೆ. ಅಷ್ಟು ಹೊತ್ತು ಹೆಣ್ಣು ಗಂಡಿನ ಬೆನ್ನಿನ ಗ್ರಂಥಿಯಿಂದ ಒಸರುವ ದ್ರವವನ್ನು ಸವಿಯುತ್ತದೆ. ಸಾಕೆನಿಸಿದಾಗ ಚೀಲವನ್ನು ಕಿತ್ತು ತಿಂದುಬಿಡುತ್ತದೆ. ಎಂದರೆ ಕೂಡಿದ ಮೇಲೆಯೂ ಅಳತೆಗೋಲು ಹೆಣ್ಣಿನ ವಶದಲ್ಲಿಯೇ ಇದೆ. ದೊಡ್ಡ ಗಂಡಿನ ಚೀಲವನ್ನು ಅದು ಹೆಚ್ಚು ಹೊತ್ತು ಉಳಿಸಿಕೊಳ್ಳುತ್ತದೆ, ಸಣ್ಣ ಗಂಡಿನದನ್ನು ಬೇಗ ಕೀಳುತ್ತದೆ. ಆದರೆ ಸಣ್ಣ ಗಂಡಿನ ದನಿ ದೊಡ್ಡದಾಗಿ ಕೇಳಿಬಂದಾಗ ಆ ಅವಧಿ ದುಪ್ಪಟ್ಟಾಗುತ್ತದೆ. ಕಿವಿಗೆ ಬಿದ್ದ ದನಿಯು ಹೆಣ್ಣಿನ ನಡತೆಯನ್ನು ಬಾಗಿಲವರೆಗೆ ಮಾತ್ರವಲ್ಲ, ಮನೆಯೊಳಗೂ ಆಳುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ದಶಕಗಳಿಂದ ಹಣ್ಣಿನ ನೊಣಗಳ ಮೇಲೆ ಇಂಥ ಅಧ್ಯಯನಗಳು ನಡೆದುಬಂದಿವೆ. ಡ್ರೊಸೊಫಿಲ ಬೈಪೆಕ್ಟಿನೇಟ ಎಂಬ ನೊಣದಲ್ಲಿ ಹೆಣ್ಣು ಎಳೆಯ ಗಂಡಿಗಿಂತ ವಯಸ್ಸಾದ ಗಂಡನ್ನು ಮೆಚ್ಚುವುದೆಂದು ಅಲ್ಲಿಯ ಸಂಶೋಧಕರು ಕಂಡುಕೊಂಡರು. ಬದುಕಿ ಮುದಿಯಾಗುವುದೂ ಒಂದು ಯೋಗ್ಯತೆಯೇ ತಾನೆ.

ಜವಾರಿ ಕೋಳಿ ಸಾಕಿದ ಮನೆಗಳಲ್ಲಿ ಕಾಣಸಿಗುವ ಸಂಗತಿಯೊಂದನ್ನು ಇಲ್ಲಿ ಸೇರಿಸಬಹುದು. ಹಿತ್ತಲಿನ ಹಿಂಡಿನಲ್ಲಿ ಒಂದು ಹುಂಜ ಯಜಮಾನ. ಉಳಿದವು ಅದರ ಕಣ್ಣು ತಪ್ಪಿಸಿ ಹೇಂಟೆಗಳ ಮೇಲೆ ಎರಗುತ್ತವೆ. ಹೇಂಟೆ ಹಲವು ವೇಳೆ ಒದರಿದರೂ ತಪ್ಪಿಸಿಕೊಳ್ಳಲಾರದು. ಆದರೆ ಅದು ಸೋತಿತೆಂದು ತಿಳಿಯಬಾರದು. ಟಾಮಾಸೊ ಪಿಟ್ಸಾರಿ ಮತ್ತು ಟಿಮ್ ಬರ್ಕ್‌ಹೆಡ್ ಎಂಬ ವಿಜ್ಞಾನಿಗಳು 2000ರಲ್ಲಿ ತೋರಿಸಿದಂತೆ, ಕೆಳದರ್ಜೆಯ ಹುಂಜ ಬಲಾತ್ಕಾರವಾಗಿ ಕೂಡಿದ ಮೇಲೆ ಹೇಂಟೆ ಅದರ ವೀರ್ಯವನ್ನು ಕೂಡಲೇ ಹೊರಚೆಲ್ಲುತ್ತದೆ. ಯಜಮಾನ ಹುಂಜದ ವೀರ್ಯವನ್ನು ಹಾಗೆ ಚೆಲ್ಲುವುದು ಕಡಿಮೆ. ಹುಂಜವೂ ಕೈಬಿಚ್ಚಿ ಖರ್ಚುಮಾಡುವ ಧಾರಾಳಿಯಲ್ಲ. ದೊಡ್ಡ ಜುಟ್ಟಿನ ಹೇಂಟೆಗೆ ಅದು ಹೆಚ್ಚು ವೀರ್ಯಾಣುಗಳನ್ನು ಕೊಡುತ್ತದೆಂಬುದು 2003ರಲ್ಲಿ ಗೊತ್ತಾಯಿತು. ಜುಟ್ಟು ದೊಡ್ಡದಿದ್ದ ಹೇಂಟೆಯ ಮೊಟ್ಟೆಯೂ ದೊಡ್ಡದು. ಗಂಡಿನ ವೀರ್ಯ ಬಿಟ್ಟಿ ದೊರೆಯುವ ವಸ್ತು, ಹೆಣ್ಣಿನ ಮೊಟ್ಟೆ ಮಾತ್ರ ದುಬಾರಿ ಎಂಬ ಹಳೆಯ ನಂಬಿಕೆ ಇದರಿಂದ ಸಡಿಲಾಯಿತು.

ಗಂಡೇ ಬಸಿರು ಹೊರುವ ಪ್ರಾಣಿಗಳಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಮೆಕ್ಸಿಕೊ ಕೊಲ್ಲಿಯ ಕೊಳವೆಮೀನಿನ ಗಂಡಿಗೆ ಮೊಟ್ಟೆಗಳನ್ನು ಪೊರೆಯುವ ಚೀಲವಿದೆ. ಸಣ್ಣ ಹೆಣ್ಣು ಕೊಟ್ಟ ಮೊಟ್ಟೆಗಳಿಗಿಂತ ದೊಡ್ಡ ಹೆಣ್ಣು ಕೊಟ್ಟ ಮೊಟ್ಟೆಗಳು ಆ ಚೀಲದಲ್ಲಿ ಹೆಚ್ಚು ಉಳಿಯುತ್ತವೆ. ಒಂದು ಬಸಿರಿಗೆ ಹೆಚ್ಚು ಕೊಟ್ಟ ಗಂಡಿನ ಮುಂದಿನ ಬಸಿರು ಸೊರಗುತ್ತದೆ ಎಂಬುದೂ 2010ರ ಅದೇ ಅಧ್ಯಯನದಲ್ಲಿ ಕಂಡಿತು. ಟ್ರಿವರ್ಸ್ ಹೇಳಿದ ನಾಳೆಯ ಪಾಲು ಇಲ್ಲಿ ಕಣ್ಣಿಗೇ ಕಾಣಿಸುತ್ತದೆ.

ಮೊಟ್ಟೆಯ ವಿಷಯಕ್ಕೆ ಬಂದರೆ, ಹೊರಗೆ ಕಾಡಿನಲ್ಲಿಯೇ ನಡೆದ ಪ್ರಯೋಗಗಳಲ್ಲಿ ಅತ್ಯಂತ ಸರಳವಾದುದು ಮೆಕ್ಸಿಕೊ ದೇಶದ ಇಸಾಬೆಲ್ ದ್ವೀಪದ್ದು. ಅಲ್ಲಿಯ ಬೂಬಿ ಎಂಬ ಕಡಲಹಕ್ಕಿಯ ಪಾದಗಳು ಹೊಳೆಯುವ ನೀಲಿ. ಗಂಡು ಎರಡು ದಿನ ಉಪವಾಸವಿದ್ದರೆ ಸಾಕು, ಪಾದದ ಹೊಳಪು ಇಳಿಯುತ್ತದೆ. ಮೀನು ಸಿಕ್ಕರೆ ಮರಳುತ್ತದೆ. ಹೆಣ್ಣು ಮೊದಲನೆಯ ಮೊಟ್ಟೆಯನ್ನು ಇಟ್ಟಾದ ಮೇಲೆ ಸಂಶೋಧಕರು ಗಂಡಿನ ಪಾದಗಳಿಗೆ ಮಂಕು ಬಣ್ಣ ಬಳಿದರು. ಹೆಣ್ಣು ಇಟ್ಟ ಎರಡನೆಯ ಮೊಟ್ಟೆ ಚಿಕ್ಕದಾಯಿತು. ಜೋಡಿ ಅದೇ, ಗೂಡು ಅದೇ, ಋತು ಅದೇ. ಬದಲಾದದ್ದು ಪಾದದ ಬಣ್ಣವೊಂದೇ. 2006ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಪ್ರೌಢಶಾಲೆಯ ಮಕ್ಕಳಿಗೂ ಹೇಳಿಕೊಡಬಹುದು. ಯಾವುದನ್ನು ಬದಲಿಸಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂಬ ಪ್ರಯೋಗವಿಧಾನದ ಮೊದಲ ಪಾಠವೇ ಅದರಲ್ಲಿ ಅಡಕವಾಗಿದೆ.

ಇನ್ನು ನವಿಲು. 1963ರಿಂದ ರಾಷ್ಟ್ರಪಕ್ಷಿಯೆಂಬ ಗೌರವವನ್ನು ಪಡೆದಿರುವ ಈ ಹಕ್ಕಿ ಕೃಷ್ಣಾ ಮಲಪ್ರಭೆಗಳ ದಂಡೆಯ ಹೊಲಗಳಿಗೆ ಹೊಸದಲ್ಲ. ಶೇಂಗಾ ಬಿತ್ತಿದ ರೈತರು ಅದನ್ನು ಅಷ್ಟಾಗಿ ಗೌರವಿಸುವುದಿಲ್ಲ ಎಂಬುದು ಬೇರೆ ಮಾತು. ಹಾವೇರಿ ಜಿಲ್ಲೆಯ ಬಂಕಾಪುರದ ಕೋಟೆಯನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ಅದೇ ಕೋಟೆಯಲ್ಲಿ ಖಿಲಾರಿ ತಳಿಯ ದನಗಳ ಸಂವರ್ಧನೆಯ ಕೇಂದ್ರವೂ ಇದೆ. ದನಗಳಿಗೆ ಹೋರಿಯನ್ನು ಮನುಷ್ಯ ಆರಿಸುತ್ತಾನೆ. ಪಕ್ಕದ ಪೊದೆಯಲ್ಲಿ ಹೆಣ್ಣುನವಿಲು ತನ್ನ ಗಂಡನ್ನು ತಾನೇ ಆರಿಸುತ್ತದೆ.

ಬದುಕಿಗೆ ಹೊರೆಯಾದ ನವಿಲಿನ ಗರಿ ಹೇಗೆ ಹುಟ್ಟಿತೆಂಬ ಪ್ರಶ್ನೆ ಡಾರ್ವಿನ್ನರನ್ನು ಕಾಡಿತ್ತು. ಆ ಗರಿಯನ್ನು ಕಂಡರೆ ತಮಗೆ ಸಂಕಟವಾಗುವುದೆಂದು ಅವರು 1860ರಲ್ಲಿ ಸ್ನೇಹಿತರೊಬ್ಬರಿಗೆ ಬರೆದಿದ್ದರು. 1871ರ ಗ್ರಂಥದಲ್ಲಿ ಅದಕ್ಕೆ ಉತ್ತರ ಕೊಟ್ಟರು: ಹೆಣ್ಣಿನ ಮೆಚ್ಚುಗೆ. ಇಂಗ್ಲೆಂಡಿನ ವಿಪ್‌ಸ್ನೇಡ್ ಉದ್ಯಾನದಲ್ಲಿ ಮೇರಿಯನ್ ಪೆಟ್ರಿಯವರು ನಡೆಸಿದ ಅಧ್ಯಯನಗಳು ಆ ಉತ್ತರವನ್ನು ಮುಂದುವರಿಸಿದವು. ಗರಿಯಲ್ಲಿ ಹೆಚ್ಚು ಕಣ್ಣುಗಳಿದ್ದ ಗಂಡಿಗೆ ಹೆಚ್ಚು ಹೆಣ್ಣುಗಳು ದೊರೆತವು. ದೊಡ್ಡ ಗರಿಯ ಗಂಡಿನೊಡನೆ ಕೂಡಿದ ಹೆಣ್ಣುಗಳು ಹೆಚ್ಚು ಮೊಟ್ಟೆಗಳನ್ನಿಟ್ಟವು (1993). ಅಂಥ ಗಂಡಿನ ಮರಿಗಳು ಬೇಗ ಬೆಳೆದು ಹೆಚ್ಚಾಗಿ ಉಳಿದವು (1994). ಮರಿಗಳನ್ನೆಲ್ಲ ಒಂದೇ ರೀತಿಯಲ್ಲಿ ಸಾಕಿದ್ದುದರಿಂದ ಈ ವ್ಯತ್ಯಾಸ ತಂದೆಯಿಂದ ಬಂದ ಒಳ್ಳೆಯ ಜೀನ್‌ಗಳ ಫಲವೆಂದು ತಿಳಿಯುವುದು ಸಹಜವಾಗಿತ್ತು.

ಇಲ್ಲಿಯೇ ಗಂಟು ಇರುವುದು. ಸಾಕಣೆ ಒಂದೇ ರೀತಿಯದಾದರೂ ಮೊಟ್ಟೆಯೊಳಗಿನ ಸಾಮಗ್ರಿ ಒಂದೇ ಆಗಿತ್ತೇ? ಫ್ರಾನ್ಸಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂದವಾದ ಗಂಡಿನೊಡನೆ ಕೂಡಿದ ಹೆಣ್ಣುನವಿಲುಗಳು ದೊಡ್ಡ ಮೊಟ್ಟೆಗಳನ್ನು ಇಟ್ಟವು. ಅವುಗಳ ಹಳದಿಯಲ್ಲಿ ಟೆಸ್ಟೊಸ್ಟಿರಾನ್ ಹೆಚ್ಚಾಗಿತ್ತು. ಹಾಗಾದರೆ ಮರಿಯ ಪುಷ್ಟಿಗೆ ಕಾರಣ ತಂದೆಯ ರಕ್ತವೋ ತಾಯಿಯ ತ್ಯಾಗವೋ? ಮಲ್ಲಾರ್ಡ್ ಎಂಬ ಹಸುರು ತಲೆಯ ಬಾತುಗಳಲ್ಲಿ ಎಮ್ಮಾ ಕನಿಂಗ್‌ಹ್ಯಾಮ್ ಮತ್ತು ಆಂಡ್ರೂ ರಸೆಲ್ 2000ರಲ್ಲಿ ಈ ಗಂಟನ್ನು ಬಿಡಿಸಿದರು. ಮೆಚ್ಚಿದ ಗಂಡಿನೊಡನೆ ಕೂಡಿದಾಗ ಬಾತು ದೊಡ್ಡ ಮೊಟ್ಟೆಯಿಟ್ಟಿತು, ಮರಿಯೂ ಪುಷ್ಟವಾಗಿತ್ತು. ಆದರೆ ಮೊಟ್ಟೆಯ ಗಾತ್ರದ ಪಾಲನ್ನು ಲೆಕ್ಕದಿಂದ ಕಳೆದಾಗ ತಂದೆಯ ಪಾಲಿಗೆ ಉಳಿದದ್ದು ಏನೂ ಇರಲಿಲ್ಲ. ತಂದೆಯ ಹೆಸರಿಗೆ ಜಮೆಯಾಗಿದ್ದ ಹಣವನ್ನೆಲ್ಲ ತಾಯಿಯೇ ಕಟ್ಟಿದ್ದಳು. ಒಳ್ಳೆಯ ತಂದೆಗೆ ಒಳ್ಳೆಯ ಮಕ್ಕಳೆಂದು ಸುಲಭವಾಗಿ ತೀರ್ಪು ಕೊಟ್ಟ ಎಷ್ಟೋ ಹಿಂದಿನ ಅಧ್ಯಯನಗಳನ್ನು ಈ ಒಂದು ಫಲಿತಾಂಶದ ಬೆಳಕಿನಲ್ಲಿ ಮತ್ತೆ ಓದಬೇಕಾಯಿತು. ನವಿಲಿನ ಕಥೆಗೂ ಇನ್ನೊಂದು ತಿರುವು ಬಂದಿತು. ಜಪಾನಿನ ಈಜು ಎಂಬಲ್ಲಿ ಮರಿಕೊ ತಾಕಾಹಾಶಿ ಮತ್ತು ಸಂಗಡಿಗರು 7 ವರ್ಷಗಳ ಕಾಲ ನವಿಲುಗಳನ್ನು ಗಮನಿಸಿ, ಅಲ್ಲಿಯ ಹೆಣ್ಣುಗಳು ಗರಿಯ ವೈಭವಕ್ಕೆ ಒಲಿಯುವುದಿಲ್ಲವೆಂದು 2008ರಲ್ಲಿ ತಿಳಿಸಿದರು.

ಇದಕ್ಕಿಂತಲೂ ತೀವ್ರವಾದ ಪೆಟ್ಟು ಸಿದ್ಧಾಂತದ ತವರುಮನೆಗೇ ಬಿದ್ದಿತು. ನ್ಯಾನ್ಸಿ ಬರ್ಲಿ ಪ್ರಯೋಗ ನಡೆಸಿದ್ದು ಜೀಬ್ರಾ ಫಿಂಚ್ ಎಂಬ ಆಸ್ಟ್ರೇಲಿಯದ ಪುಟ್ಟ ಹಕ್ಕಿಯ ಮೇಲೆ. ನಮ್ಮ ರಾಟವಾಳಗಳ ಬಳಗಕ್ಕೆ ಸೇರಿದ ಹಕ್ಕಿ ಅದು. ಗುರುತಿಗೆಂದು ಕಾಲಿಗೆ ಹಾಕಿದ ಬಣ್ಣದ ಉಂಗುರಗಳಲ್ಲಿ ಕೆಂಪುಂಗುರದ ಗಂಡು ಹೆಣ್ಣುಗಳಿಗೆ ಮೆಚ್ಚು, ಹಸುರುಂಗುರದ ಗಂಡು ಒಲ್ಲದವ ಎಂದು ಅವರು ಕಂಡರು. ಕೆಂಪುಂಗುರದ ಗಂಡಿಗೆ ಜೋಡಿಯಾದ ಹೆಣ್ಣು ಮರಿಗಳ ಪಾಲನೆಯಲ್ಲಿ ಹೆಚ್ಚು ದುಡಿಯಿತು, ಗಂಡು ಕಡಿಮೆ ದುಡಿಯಿತು. 1988ರ ಆ ಪ್ರಬಂಧ ಬಹು ಪ್ರಸಿದ್ಧವಾಯಿತು. 1999ರಲ್ಲಿ ಮತ್ತೊಂದು ತಂಡವು ಕೆಂಪುಂಗುರದ ಗಂಡಿನ ಸಂಗಾತಿ ಮೊಟ್ಟೆಯಲ್ಲಿ ಹೆಚ್ಚು ಟೆಸ್ಟೊಸ್ಟಿರಾನ್ ಇಡುವುದೆಂದು ವರದಿಮಾಡಿತು. ಬೆಂಬಲಿಸುವ ಪ್ರಬಂಧಗಳು ಒಂದಾದ ಮೇಲೊಂದು ಬಂದವು. ಪ್ಲಾಸ್ಟಿಕ್ ಉಂಗುರವೊಂದು ತಾಯ್ತನದ ಅಳತೆಯನ್ನೇ ಬದಲಿಸುವುದೆಂಬ ಬೆರಗಿನ ಸಂಗತಿ ವಿಶ್ವದ ಪಠ್ಯಪುಸ್ತಕಗಳನ್ನು ಸೇರಿತು.

ಜರ್ಮನಿಯ ಜೀವಿಸೆನ್ ಎಂಬಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ವೋಲ್ಫ್‌ಗಾಂಗ್ ಫೋರ್ಸ್ಟ್‌ಮೈಯರ್ ಮತ್ತು ಸಂಗಡಿಗರು ಅದೇ ಹಕ್ಕಿ, ಅದೇ ಬಣ್ಣದ ಉಂಗುರಗಳನ್ನು ಬಳಸಿ ಹಲವು ಬೇರೆ ಬೇರೆ ಪ್ರಯೋಗಗಳನ್ನು ನಡೆಸಿದರು. ಉಂಗುರದ ಬಣ್ಣದಿಂದ ಹಕ್ಕಿಗಳ ಸಂತಾನಭಾಗ್ಯಕ್ಕೆ ಯಾವ ವ್ಯತ್ಯಾಸವೂ ಆಗಲಿಲ್ಲ. 2018ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಲೆಬರಹವೇ ಪಠ್ಯಪುಸ್ತಕದ ಜ್ಞಾನವನ್ನು ಮರಳಿ ಪಡೆಯಲಾಗದ್ದೆಂದು ಕರೆದಿತ್ತು. ಫಲ ದೊರೆತ ಪ್ರಯೋಗಗಳು ಅಚ್ಚಾಗುತ್ತವೆ, ಫಲ ದೊರೆಯದವು ಮೇಜಿನ ಖಾನೆಯಲ್ಲಿ ಉಳಿಯುತ್ತವೆ. ಓದುಗನ ಕೈಗೆ ಬರುವುದು ಒಂದು ಬದಿಯ ಸಾಕ್ಷ್ಯ ಮಾತ್ರ ಎಂಬುದು ಅವರ ಆಕ್ಷೇಪ. ಇದರಿಂದ ಬರ್ಲಿಯವರ ಸಿದ್ಧಾಂತ ಸತ್ತಿತೆಂದು ಹೇಳಲಾಗದು. ಹಕ್ಕಿಗಳ ಮೇಲಿನ ಅನೇಕ ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ತೂಗಿ ನೋಡಿದವರಿಗೆ ಅಂದವಾದ ಗಂಡಿಗೆ ಹೆಚ್ಚು ಕೊಡುವ ಒಲವು ಇದೆಯೆಂದೂ, ಆದರೆ ಅದು ಅಲ್ಪವೆಂದೂ ತೋರಿತು. ಸಿದ್ಧಾಂತ ಉಳಿದಿದೆ, ಅದನ್ನು ಹುಟ್ಟಿಸಿದ ನಿದರ್ಶನವೇ ಅಲುಗಾಡಿದೆ. ಕೆಂಪುಂಗುರದ ಕಥೆಯನ್ನು ಈಗಲೂ ತರಗತಿಯಲ್ಲಿ ಹೇಳಬಹುದು, ಆದರೆ 1988ಕ್ಕೆ ನಿಲ್ಲಿಸದೆ 2018ರವರೆಗೂ ಹೇಳಬೇಕು.

ಅದೇ ಜೀವಿಸೆನ್ನಿನ ಹಕ್ಕಿಗಳಿಂದ ಬಂದ ಇನ್ನೊಂದು ಫಲಿತಾಂಶವು ಲೆಕ್ಕದ ಚಿಹ್ನೆಯನ್ನೇ ತಿರುಗಿಸುವಂತಹುದು. ಹೆಣ್ಣುಗಳಿಗೆ ಮೆಚ್ಚುಗೆಯಾಗದ ಗಂಡುಗಳೊಡನೆ ಜೋಡಿಯಾದ ಫಿಂಚ್‌ಗಳು ಚಿಕ್ಕ ಮೊಟ್ಟೆಗಳನ್ನಲ್ಲ, ದೊಡ್ಡ ಮೊಟ್ಟೆಗಳನ್ನು ಇಟ್ಟವೆಂದು 2009ರಲ್ಲಿ ವರದಿಯಾಯಿತು. ತಂದೆಯ ಕಡೆಯಿಂದ ಬಾರದ ಬಲವನ್ನು ತಾಯಿ ತನ್ನ ಕಡೆಯಿಂದ ತುಂಬಿಕೊಡುವ ಈ ಬಗೆಗೆ ಪರಿಹಾರದ ಹೂಡಿಕೆ ಎಂದು ಹೆಸರು. ಮೇಲೆ ಕೊಟ್ಟ ರೈತನ ಹೋಲಿಕೆ ಇಲ್ಲಿ ಮುರಿಯುವುದಿಲ್ಲ, ಮುಂದುವರಿಯುತ್ತದೆ. ಮುಂದಿನ ವರ್ಷ ಒಳ್ಳೆಯ ಹೊಲ ಸಿಗುವ ಭರವಸೆಯಿದ್ದವನು ಬಡವಾದ ಹೊಲಕ್ಕೆ ಗೊಬ್ಬರ ಹಾಕದೆ ಉಳಿಸಿಕೊಂಡಾನು. ಇರುವುದು ಇದೊಂದೇ ಹೊಲವೆಂದು ತಿಳಿದವನು ಅದೇ ಬಡ ಹೊಲಕ್ಕೆ ಎರಡು ಬಂಡಿ ಹೆಚ್ಚು ಹಾಕಿಯಾನು. ಜೋಡಿಯನ್ನು ಬದಲಿಸುವ ಅವಕಾಶ, ಮುಂದೆ ಬದುಕಿ ಉಳಿಯುವ ಸಂಭವ, ಹೆಚ್ಚಿನ ವೆಚ್ಚದಿಂದ ಮರಿಗೆ ನಿಜವಾಗಿ ಆಗುವ ಪ್ರಯೋಜನ, ಇವುಗಳ ಮೇಲೆ ಕೈ ಬಿಗಿಯುವುದೋ ಸಡಿಲುವುದೋ ನಿಂತಿದೆ. ಅಲ್ಪಾಯುಷಿಯಾದ ಕೀಟಕ್ಕೂ ಹತ್ತಾರು ವರ್ಷ ಬಾಳುವ ಕಡಲಹಕ್ಕಿಗೂ ಒಂದೇ ಉತ್ತರವನ್ನು ನಿರೀಕ್ಷಿಸಲಾಗದು. ಮನುಷ್ಯರ ಸಂಬಂಧಗಳಿಗೆ ಈ ಮಾತುಗಳನ್ನು ಅಂಟಿಸಹೊರಡುವುದಂತೂ ವಿಜ್ಞಾನವಲ್ಲ.

ಮತ್ತೆ ಬಾವಿಯ ದಂಡೆಗೆ ಬರುವುದಾದರೆ, ಗೀಜಗನ ಗೂಡಿನ ಕೊಳವೆ ಪೂರ್ತಿಯಾಗುವ ಹೊತ್ತಿಗೆ ಒಳಗೆ 2ರಿಂದ 4 ಬಿಳಿಯ ಮೊಟ್ಟೆಗಳು ಬಂದಿರುತ್ತವೆ. ಕಾವು ಕೂಡುವುದು ಹೆಣ್ಣು ಒಂದೇ; ಸುಮಾರು ಎರಡು ವಾರಗಳ ಕೆಲಸ. ಆಮೇಲೆ ಮರಿಗಳಿಗೆ ಹುಳು ಉಣಿಸುವ ಹೊರೆಯೂ ಬಹುಮಟ್ಟಿಗೆ ಅದರದೇ. ಗೂಡಿನ ಜಾಗವನ್ನು ಎಳೆದು ಕುಕ್ಕಿ ಪರೀಕ್ಷಿಸಿದ್ದು ಏಕೆಂದು ಆಗ ತಿಳಿಯುತ್ತದೆ. ಆ ವೇಳೆಗೆ ಗಂಡು ಅದೇ ಕೊಂಬೆಯಲ್ಲಿ, ಒಂದು ಮೊಳ ಆಚೆ, ಹಸುರು ಎಳೆಯೊಂದನ್ನು ಕೊಕ್ಕಿನಲ್ಲಿ ಹಿಡಿದು ಹೊಸ ಗಂಟನ್ನು ಹಾಕುತ್ತಿರುತ್ತದೆ.